ಎಳೆದು ಹಾಕುವ ಸಾರು

ಸಂಜೆ ಏಳು ಗಂಟೆ. ಹೊರಗೆ ಧೋ ಎಂದು ಮಳೆ. ಕರೆಂಟು ಇಲ್ಲ. ತರಕಾರಿ ಬುಟ್ಟಿಯಲ್ಲಿ ನೋಡಿದರೆ ಒಂದು ಮೂಲಂಗಿ, ಎರಡು ಟೊಮೇಟೊ. ಮಗಳು "ಅಮ್ಮಾ, ಹಸಿವು" ಅನ್ನುತ್ತಾಳೆ. ನಮ್ಮವರು ಒದ್ದೆ ಕೊಡೆ ಮೂಲೆಗಿಟ್ಟು "ಬಿಸಿಬಿಸಿಯಾಗಿ ಏನಾದ್ರೂ ಮಾಡೇ" ಅನ್ನುತ್ತಾರೆ. ಇಂಥ ಸಂಜೆ ನಿಮ್ಮ ಮನೆಯಲ್ಲೂ ಬರುತ್ತದೆ ಅಲ್ಲವೇ ಸೋದರಿಯರೇ? ಅಂಥ ದಿನ ನಮ್ಮ ಮನೆಯಲ್ಲಿ ನಾನು ಮಾಡುವುದು ಥೆಂಥುಕ್. ಹೆಸರು ಕೇಳಿ ಗಾಬರಿಯಾಗಬೇಡಿ. ಟಿಬೆಟಿನವರ ಭಾಷೆಯಲ್ಲಿ 'ಥೆನ್' ಅಂದರೆ ಎಳೆಯುವುದು, 'ಥುಕ್' ಅಂದರೆ ಸಾರಿನಂಥ ಊಟ. ಗೋಧಿ ಹಿಟ್ಟನ್ನು ಎಳೆದು ಎಳೆದು, ಕುದಿಯುವ ಸಾರಿಗೆ ಹರಿದು ಹಾಕುವುದು, ಅಷ್ಟೆ. ಅತ್ತೆಯವರು ಇದಕ್ಕೆ 'ಎಳೆದು ಹಾಕುವ ಸಾರು' ಅಂತಲೇ ಹೆಸರಿಟ್ಟಿದ್ದಾರೆ.

ಮಾಡುವ ವಿಧಾನ ಆಮೇಲೆ ಹೇಳುತ್ತೇನೆ. ಇದನ್ನು ನಾನು ಕಲಿತ ಕಥೆ ಮೊದಲು ಹೇಳಬೇಕು. ಅದರಲ್ಲಿ ನನ್ನದೊಂದು ತಪ್ಪೂ ಇದೆ. ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ನಮ್ಮೂರು ಕುಶಾಲನಗರ. ಕಾವೇರಿ ಸೇತುವೆ ದಾಟಿ ಕೊಪ್ಪದ ಮೇಲೆ ಐದಾರು ಕಿಲೋಮೀಟರ್ ಹೋದರೆ ಬೈಲಕುಪ್ಪೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದ ಜನರಿಗೆ ಆಗಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. 1960ರಿಂದ ಅವರು ಇಲ್ಲಿ ಬಂದು ನೆಲೆಸಿದರು. ಈಗ ಪ್ರವಾಸಿಗರು ಬಸ್ಸು ಮಾಡಿಕೊಂಡು ಬಂದು ಚಿನ್ನದ ದೇವಸ್ಥಾನ ನೋಡಿ ಹೋಗುತ್ತಾರೆ. ಆದರೆ ಆ ಕಾಲದಲ್ಲಿ ಅಲ್ಲಿದ್ದದ್ದು ಬರೀ ಕಾಡು, ಡೇರೆ, ಬಿದಿರಿನ ಗುಡಿಸಲು, ರಾತ್ರಿಯಾದರೆ ಆನೆ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಮನೆಯಲ್ಲೇ ಕೂತು ರವಿಕೆ ಹೊಲಿದು ನಾಲ್ಕು ಕಾಸು ನೋಡುತ್ತೇನೆ. ಆ ಕ್ಯಾಂಪಿನ ಒಬ್ಬ ಹೆಂಗಸು ತಮ್ಮ ಉದ್ದ ನಿಲುವಂಗಿ ಚುಪಾದ ಒಳಗೆ ಹಾಕುವ ರವಿಕೆ ಹೊಲಿಸಲು ನನ್ನಲ್ಲಿಗೆ ಬರುತ್ತಿದ್ದರು. ಹುಟ್ಟಿದ್ದು ಇಲ್ಲೇ, ಕ್ಯಾಂಪಿನ ಗುಡಿಸಲಿನಲ್ಲಿ. ಕನ್ನಡ ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಾರೆ. ಚಳಿಗಾಲದಲ್ಲಿ ದೂರದ ಊರುಗಳಿಗೆ ಸ್ವೆಟರ್ ಮಾರಲು ಹೋಗುತ್ತಾರೆ, ಉಳಿದ ಕಾಲ ಹೊಲದಲ್ಲಿ ಜೋಳ. ನಾನು ಅವರನ್ನು 'ಅಮಾ-ಲಾ' ಅನ್ನುತ್ತಿದ್ದೆ. ನಮಗೆ ಅಮ್ಮ ಹೇಗೋ ಅವರಿಗೆ ಅಮಾ. 'ಲಾ' ಅಂದರೆ ನಮ್ಮ 'ಅವರೇ' ಇದ್ದ ಹಾಗೆ, ಮರ್ಯಾದೆಗೆ.

ಬಂದವರಿಗೆ ಕಾಫಿ ಕೊಡದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಅಮಾ-ಲಾಗೂ ಕೊಡುತ್ತಿದ್ದೆ. ಆದರೆ ನಮ್ಮದು ಮಾಂಸ ಮುಟ್ಟದ ಮನೆ. ಅವರು ದನದ ಮಾಂಸ ತಿನ್ನುವವರು ಅಂತ ನನಗೆ ಗೊತ್ತಿತ್ತು. ಅದಕ್ಕೇ ಅವರಿಗೆಂದೇ ಒಂದು ಸ್ಟೀಲ್ ಲೋಟ ಬೇರೆ ಇಟ್ಟಿದ್ದೆ. ಬೇರೆ ಲೋಟಗಳ ಜೊತೆ ಸೇರಿಹೋಗಬಾರದು ಅಂತ ಅದರ ತಳಕ್ಕೆ ಕೆಂಪು ನೇಲ್‌ಪಾಲಿಶಿನ ಒಂದು ಚುಕ್ಕೆ. ಅತ್ತೆ ಹೇಳಿ ಮಾಡಿದ್ದಲ್ಲ, ನಾನೇ ಮಾಡಿದ್ದು. ಏಳೆಂಟು ವರ್ಷ ಅದೇ ಲೋಟದಲ್ಲಿ ಕಾಫಿ ಕೊಟ್ಟೆ. ಅವರು ನಗುನಗುತ್ತಾ ಕುಡಿದು, ತಾವೇ ತೊಳೆದು ಹಿತ್ತಲ ಕಟ್ಟೆಯ ಮೇಲೆ ಮಗುಚಿ ಹೋಗುತ್ತಿದ್ದರು.

2018ರ ಆಗಸ್ಟ್ ತಿಂಗಳು ನಮ್ಮ ಕೊಡಗಿನವರು ಯಾರೂ ಮರೆಯುವ ಹಾಗಿಲ್ಲ. ನಾಗರಪಂಚಮಿಯೂ ಸ್ವಾತಂತ್ರ್ಯ ದಿನವೂ ಒಂದೇ ದಿನ ಬಂದಿತ್ತು. ಅದಾಗಿ ಒಂದೆರಡು ದಿನಕ್ಕೆ ಮಡಿಕೇರಿ ಕಡೆ ಗುಡ್ಡಗಳೇ ಕುಸಿದವು, ಇಲ್ಲಿ ಹೊಳೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ನಮ್ಮದೂ ತಗ್ಗಿನ ಮನೆ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ನೀರು, ಮಧ್ಯಾಹ್ನಕ್ಕೆ ನಡುಮನೆಯಲ್ಲಿ ಮೊಣಕಾಲುದ್ದ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೊಂದೇ ವಾರ. ಜನರ ಹದಿನೆಂಟು ರವಿಕೆಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆದೆ. ನಮ್ಮ ನೆಂಟರೆಲ್ಲ ಮಡಿಕೇರಿ ಕಡೆಯವರು, ಅತ್ತ ಹೋಗುವ ಹಾಗಿಲ್ಲ. ಮಂಡಿನೋವಿನ ಅತ್ತೆಯವರನ್ನು ಶಾಲೆಯ ನೆಲದ ಮೇಲೆ ಮಲಗಿಸುವುದು ಹೇಗೆ ಅಂತ ಯೋಚಿಸುತ್ತಿರುವಾಗ ಅಮಾ-ಲಾ ಫೋನು ಮಾಡಿದರು. "ನೀರು ಬಂತಾ? ಹಾಗಾದ್ರೆ ಬನ್ನಿ. ನಮ್ಮದು ಎತ್ತರದ ಜಾಗ." ಇಷ್ಟೇ ಮಾತು.

ಆಟೋದಲ್ಲಿ ಸೇತುವೆ ದಾಟುವಾಗ ಕೆಳಗೆ ಕೆಂಪು ನೀರು ನೋಡಿ ಮಗಳು ನನ್ನ ಸೆರಗು ಹಿಡಿದುಕೊಂಡಳು. ಅವರ ಮನೆ ತಲುಪಿದಾಗ ಕತ್ತಲಾಗಿತ್ತು. ಬಾಗಿಲು ತೆರೆದ ಕೂಡಲೇ ಒಂದು ವಾಸನೆ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಅವರ ರಾತ್ರಿ ಊಟದ ದನದ ಮಾಂಸದ ಸಾರು ಕುದಿಯುತ್ತಿತ್ತು. ಅತ್ತೆ ಹೊಸ್ತಿಲಲ್ಲೇ ನಿಂತುಬಿಟ್ಟರು.

ಅವರ ಸ್ಥಿತಿ ನನಗೆ ಗೊತ್ತು. ಸಕ್ಕರೆ ಕಾಯಿಲೆ, ಬೆಳಿಗ್ಗೆಯಿಂದ ಹೊಟ್ಟೆಗಿಲ್ಲ. ಶ್ರಾವಣ ಬೇರೆ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟಿದ್ದರು. "ನನಗೇನೂ ಬೇಡ ಕಣೇ, ನೀರು ಕುಡಿದು ಮಲಗ್ತೀನಿ" ಅಂದರು. ಕೈ ಆಗಲೇ ನಡುಗುತ್ತಿತ್ತು.

ಅಮಾ-ಲಾ ಏನೂ ಕೇಳಲಿಲ್ಲ. ಪಾತ್ರೆಯನ್ನು ಎತ್ತಿಕೊಂಡು ಹೋಗಿ ಹಿಂದಿನ ಚಾವಡಿಯ ಸೌದೆ ಒಲೆಯ ಮೇಲಿಟ್ಟರು. ಗ್ಯಾಸ್ ಒಲೆಯನ್ನು ಸೋಪು ಹಾಕಿ ಎರಡು ಸಲ ಒರೆಸಿದರು. ಬೀರುವಿನಿಂದ ಚೀಟಿ ಕೀಳದ ಒಂದು ಹೊಸ ಪಾತ್ರೆ, ಹೊಸ ಸೌಟು ತೆಗೆದರು. ಒಡೆಯದ ಗೋಧಿ ಹಿಟ್ಟಿನ ಪೊಟ್ಟಣ, ತುಪ್ಪ, ತೋಟದ ಮೂಲಂಗಿ, ಟೊಮೇಟೊ, ಶುಂಠಿ ಎಲ್ಲ ನನ್ನ ಮುಂದಿಟ್ಟು, "ನೀವೇ ಮಾಡಿ. ನಾನು ಮುಟ್ಟಲ್ಲ. ಇಲ್ಲಿಂದ ಹೇಳಿಕೊಡ್ತೀನಿ" ಅಂದವರೇ ಹೋಗಿ ಬಾಗಿಲ ಹೊರಗೆ ನಿಂತರು.

ತಮ್ಮದೇ ಅಡುಗೆಮನೆಯ ಬಾಗಿಲ ಹೊರಗೆ!

ನಾನು ಹಿಟ್ಟು ಕಲಸಿದೆ. ಅವರು ಅಲ್ಲಿಂದಲೇ "ಚಪಾತಿಗಿಂತ ಸ್ವಲ್ಪ ಮೆತ್ತಗೆ", "ಈಗ ಮುಚ್ಚಿಡಿ" ಅನ್ನುತ್ತಿದ್ದರು. ಹಿಟ್ಟು ನೆನೆಯುವಷ್ಟರಲ್ಲಿ ಸಾರು ಕುದಿಯಿತು. ಎಳೆಯುವ ಹೊತ್ತು ಬಂದಾಗ ನನ್ನ ಕೈಗೆ ಅದು ಒಲಿಯಲಿಲ್ಲ. ಒಂದು ದಪ್ಪ, ಒಂದು ತೆಳ್ಳಗೆ, ಇನ್ನೊಂದು ಬೆರಳಿಗೇ ಅಂಟಿತು. ಕುರ್ಚಿಯ ಮೇಲೆ ಕೂತು ನೋಡುತ್ತಿದ್ದ ಅತ್ತೆ ಇದ್ದಕ್ಕಿದ್ದ ಹಾಗೆ, "ಅವಳನ್ನ ಒಳಗೆ ಕರಿಯೇ. ಅವಳ ಮನೇಲಿ ಅವಳೇ ಬಾಗಿಲಲ್ಲಿ ನಿಂತ್ರೆ ಚೆನ್ನಾಗಿರುತ್ತಾ? ಕೈ ತೊಳ್ಕೊಂಡು ಬರಲಿ" ಅಂದರು. ನಾನು ಹೇಳಬೇಕಾಗಿದ್ದ ಮಾತನ್ನು ಎಪ್ಪತ್ತು ದಾಟಿದ ಅತ್ತೆ ಹೇಳಿದರು.

ಅಮಾ-ಲಾ ಕೈ ತೊಳೆದು ಬಂದು ನನ್ನ ಪಕ್ಕ ನಿಂತರು. ಹಿಟ್ಟಿನ ಪಟ್ಟಿಯನ್ನು ಎಡ ಮಣಿಕಟ್ಟಿನ ಮೇಲೆ ಹಾಕಿಕೊಂಡು, ಬಲಗೈಯಲ್ಲಿ ಚಿಟಿಕೆ ಹೊಡೆದ ಹಾಗೆ ಟಪಟಪನೆ ಹರಿದು ಸಾರಿಗೆ ಎಸೆಯತೊಡಗಿದರು. ಎಸೆಯುತ್ತಲೇ, ತಲೆ ಎತ್ತದೆ, ಮೆಲ್ಲಗೆ ಕೇಳಿದರು. "ಆ ಕೆಂಪು ಚುಕ್ಕೆ ಲೋಟನೂ ನೀರಲ್ಲಿ ಹೋಯ್ತಾ?"

ಅವರಿಗೆ ಗೊತ್ತಿತ್ತು! ತೊಳೆದು ಮಗುಚುವವರಿಗೆ ತಳದ ಚುಕ್ಕೆ ಕಾಣದೇ ಇರುತ್ತದೆಯೇ? ನನಗೆ ಅಷ್ಟು ಹೊಳೆದಿರಲಿಲ್ಲ ನೋಡಿ. ಉತ್ತರ ಕೊಡಲು ನಾಲಿಗೆ ಏಳಲಿಲ್ಲ. ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ಹೋಗ್ಲಿ ಬಿಡಿ. ಹಿಟ್ಟು ಒಣಗುತ್ತೆ, ಎಳೀರಿ" ಅಂದರು. ಎಳೆದೆ.

ಅತ್ತೆ ಎರಡು ಬಟ್ಟಲು ಊಟ ಮಾಡಿದರು. "ಇದು ನಮ್ಮ ಶಾವಿಗೆ ಪಾಯಸದ ತಂಗಿ, ಸಿಹಿ ಒಂದು ಇಲ್ಲ" ಅಂದಾಗ ಎಲ್ಲರೂ ನಕ್ಕೆವು. ಚಾವಡಿಯಲ್ಲಿ ಅಮಾ-ಲಾ, ಅವರ ಯಜಮಾನರು, ಮೊಮ್ಮಗ ತಮ್ಮ ಪಾತ್ರೆಯ ಥೆಂಥುಕ್ ಉಂಡರು. ಅವರದೂ ಅದೇ ಹಿಟ್ಟು, ಅದೇ ಮೂಲಂಗಿ. ಮಾಂಸವನ್ನು ತೆಳ್ಳಗೆ ಸಣ್ಣಗೆ ಹೆಚ್ಚಿ, ಶುಂಠಿ ಬೆಳ್ಳುಳ್ಳಿ ಈರುಳ್ಳಿಯ ಜೊತೆ ಹುರಿದು, ನೀರು ಹಾಕಿ ಮೆತ್ತಗಾಗುವ ತನಕ ಬೇಯಿಸುತ್ತಾರೆ. ಆಮೇಲೆ ಹಿಟ್ಟು, ಸೊಪ್ಪು, ಒಂದು ಚಮಚ ಸೋಯಾ ಸಾಸ್. ಬೇರೆ ಅಂತ ಇದ್ದದ್ದು ಅಷ್ಟೇ.

ಆ ರಾತ್ರಿ ನಿದ್ದೆ ಬಾರದೆ ಕೂತಾಗ ಧೈರ್ಯ ಮಾಡಿ ಕೇಳಿದೆ: "ಅಮಾ-ಲಾ, ನೀವು ಬುದ್ಧನ ಪೂಜೆ ಮಾಡುವವರು. ಪ್ರಾಣಿ ಕೊಲ್ಲಬಾರದು ಅಂತೀರಿ. ಮತ್ತೆ ಮಾಂಸ?" ತಮ್ಮ ತಾಯಿ ಹೇಳುತ್ತಿದ್ದುದನ್ನು ಹೇಳಿದರು. ಅವರ ಎತ್ತರದ ನಾಡಿನಲ್ಲಿ ಬೆಳೆಯುವುದು ಮುಖ್ಯವಾಗಿ ಬಾರ್ಲಿ. ಹುರಿದ ಬಾರ್ಲಿಯ ಹಿಟ್ಟು ತ್ಸಂಪಾವೇ ಅಲ್ಲಿ ಅನ್ನ. ಸೊಪ್ಪು ತರಕಾರಿ ಅಪರೂಪ. ಇರುವುದು ಯಾಕ್, ಕುರಿ. ಮೀನು, ಕೋಳಿ ಆದರೆ ಒಂದು ಊಟಕ್ಕೆ ಒಂದು ಜೀವ ಹೋಗುತ್ತದೆ. ಯಾಕ್ ಆದರೆ ಒಂದೇ ಜೀವದಲ್ಲಿ ಇಡೀ ಮನೆ ಬಹಳ ದಿನ ಉಣ್ಣುತ್ತದೆ. ಚಳಿಗೆ ಮಾಂಸ ತಾನೇ ಒಣಗಿ ಕೆಡದೆ ಉಳಿಯುತ್ತದೆ. ಕೊಲ್ಲುವುದು ಪಾಪವೇ, ಆದರೆ ಪಾಪ ಆದಷ್ಟು ಕಡಿಮೆಯಾಗಲಿ ಅಂತ ಈ ಲೆಕ್ಕ. ಇಲ್ಲಿಗೆ ಬಂದ ಮೇಲೆ ಯಾಕ್ ಇಲ್ಲ, ಆ ಜಾಗಕ್ಕೆ ದನದ ಮಾಂಸ ಬಂತು. "ತಪ್ಪೋ ಸರಿಯೋ, ನಮ್ಮಮ್ಮನ ಕೈ ರುಚಿ ಅದು" ಅಂದರು. ನಾನು ಒಪ್ಪಿಕೊಂಡೆ ಅಂತ ಹೇಳುವುದಿಲ್ಲ. ಆದರೆ ಅದರಲ್ಲೂ ಒಂದು ಯೋಚನೆ ಇದೆ, ಒಂದು ತಾಯಿಯ ನೆನಪಿದೆ ಅಂತ ಆವತ್ತೇ ತಿಳಿದದ್ದು.

ಐದು ದಿನ ಅಲ್ಲಿದ್ದೆವು. ನೀರಿಳಿದ ಮೇಲೆ ಬಂದು ಮನೆ ತೊಳೆದೆವು. ಅಮಾ-ಲಾನೂ ಬಂದು ಕೆಸರು ಬಾಚಿದರು. ಪಾತ್ರೆಗಳನ್ನು ಒಂದೊಂದೇ ಕೆಸರಿನಿಂದ ತೆಗೆಯುವಾಗ ಆ ಲೋಟ ಸಿಕ್ಕಿತು. ಚುಕ್ಕೆ ಹಾಗೇ ಇತ್ತು. ಹೊಳೆಯ ನೀರಿಗೂ ಹೋಗಿರಲಿಲ್ಲ. ಬ್ಲೇಡು ತಂದು ಕೂತು ಕೆರೆದೆ. ಅವರು ನೋಡಿದರು, ಏನೂ ಅನ್ನಲಿಲ್ಲ. ಉಳಿದ ಲೋಟಗಳ ಜೊತೆ ಅದನ್ನೂ ತೊಳೆದು ಮಗುಚಿದೆ. ಈಗ ನಮ್ಮಲ್ಲಿರುವ ಆರು ಲೋಟದಲ್ಲಿ ಅದು ಯಾವುದು ಅಂತ ನನಗೇ ಗುರುತು ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಇವತ್ತಿಗೂ ಮಾಂಸ ಇಲ್ಲ. ಅವರೂ ನಮ್ಮನ್ನು ತಿನ್ನಿ ಅಂದಿಲ್ಲ. 2021ರಲ್ಲಿ ನಮ್ಮ ರಾಜ್ಯದಲ್ಲಿ ಗೋಹತ್ಯೆ ನಿಷೇಧದ ಹೊಸ ಕಾನೂನು ಬಂದ ಮೇಲೆ ಅಮಾ-ಲಾ ಕುರಿ ಮಾಂಸ ಹಾಕುತ್ತಾರೆ. ಬೆಲೆ ಜಾಸ್ತಿ, ಅದಕ್ಕೆ ಮೂಲಂಗಿ ಜಾಸ್ತಿ ಅಂತ ನಗುತ್ತಾರೆ. ನಾವು ಹೋದರೆ ಆ ಹೊಸ ಪಾತ್ರೆ ಬೀರುವಿನಿಂದ ಹೊರಗೆ ಬರುತ್ತದೆ. ಅದು ನಮಗೇ ಮೀಸಲು. ಅದಕ್ಕೆ ಮಾತ್ರ ಯಾವ ಚುಕ್ಕೆಯೂ ಇಲ್ಲ.

ಈಗ ಮಾಡುವ ಕ್ರಮ. ನಾಲ್ಕು ಜನರಿಗೆ ಎರಡು ಬಟ್ಟಲು ಗೋಧಿ ಹಿಟ್ಟು, ಚಿಟಿಕೆ ಉಪ್ಪು, ಸುಮಾರು ಮುಕ್ಕಾಲು ಬಟ್ಟಲು ನೀರು. ಮೆತ್ತಗೆ ನಾದಿ, ಎಣ್ಣೆ ಸವರಿ ಅರ್ಧ ಗಂಟೆ ಮುಚ್ಚಿಡಿ. ನೆನೆಯದಿದ್ದರೆ ಹಿಟ್ಟು ಎಳೆಯಲು ಬರದೆ ತುಂಡಾಗುತ್ತದೆ, ಅವಸರ ಮಾಡಬೇಡಿ. ಅಷ್ಟರಲ್ಲಿ ಎರಡು ಚಮಚ ಎಣ್ಣೆ ಅಥವಾ ತುಪ್ಪದಲ್ಲಿ ಒಂದಿಂಚು ಶುಂಠಿ, ನಡೆಯುವವರು ಒಂದು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ ಹುರಿದು, ಎರಡು ಟೊಮೇಟೊ, ತೆಳ್ಳಗೆ ಹೆಚ್ಚಿದ ಒಂದು ಮೂಲಂಗಿ ಬಾಡಿಸಿ. ಆರೇಳು ಬಟ್ಟಲು ನೀರು, ಉಪ್ಪು, ಕುಟ್ಟಿದ ಕಾಳುಮೆಣಸು ಹಾಕಿ ಕುದಿಸಿ. ಹಿಟ್ಟನ್ನು ದಪ್ಪಗೆ ಲಟ್ಟಿಸಿ ಬೆರಳಗಲದ ಪಟ್ಟಿ ಕೊಯ್ಯಿರಿ. ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ತೆಳ್ಳಗೆ ಮಾಡುತ್ತಾ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾಗಿ ಹರಿದು ಕುದಿಯುವ ಸಾರಿಗೆ ಹಾಕಿ. ಎಲ್ಲ ಹಾಕಿ ಮೂರು ನಾಲ್ಕು ನಿಮಿಷಕ್ಕೆ ತೇಲಿ ಬರುತ್ತದೆ. ಕೊನೆಗೆ ಒಂದು ಹಿಡಿ ಪಾಲಕ್, ಕೊತ್ತಂಬರಿ ಸೊಪ್ಪು. ಇಳಿಸಿದ ಕೂಡಲೇ ಬಡಿಸಿ. ಆರಿದರೆ ಹಿಟ್ಟು ಸಾರನ್ನೆಲ್ಲ ಕುಡಿದು ಮುದ್ದೆಯಾಗುತ್ತದೆ.

ಒಬ್ಬರೇ ಎಳೆಯುತ್ತಾ ನಿಂತರೆ ಮೊದಲು ಹಾಕಿದ್ದು ಬೆಂದು ಕರಗಿ, ಕೊನೆಗೆ ಹಾಕಿದ್ದು ಹಸಿ ಉಳಿಯುತ್ತದೆ. ಆದ್ದರಿಂದ ಮಗಳನ್ನೋ, ಅತ್ತೆಯವರನ್ನೋ, ಪಕ್ಕದ ಮನೆಯವರನ್ನೋ ಒಲೆಯ ಹತ್ತಿರ ಕರೆದುಕೊಳ್ಳಿ. ಇದು ಇಬ್ಬರು ನಿಂತು ಮಾಡುವ ಅಡುಗೆ.