ಅಂಗುಲಕ್ಕೊಂದು ಅಡಿ

ಮನೆಯ ಮಾದರಿಯೊಂದನ್ನು ಹೊರಗಿನಿಂದ ಕಟ್ಟುವುದು ಅಂಥ ಕಷ್ಟವೇನಲ್ಲ. ರಟ್ಟು, ಅಂಟು, ತಾಳ್ಮೆ ಇದ್ದರೆ ಗೋಡೆ ನಿಲ್ಲುತ್ತದೆ, ಹೆಂಚು ಕೂರುತ್ತದೆ. ಕಷ್ಟವಿರುವುದು ಒಳಗೆ. ಅಲ್ಲಿ ಯಾರೋ ಬಾಳುತ್ತಿದ್ದಾರೆಂದು ನೋಡುವವರಿಗೆ ಅನ್ನಿಸಬೇಕಲ್ಲ!

ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿ ರಾಣಿ ಮೇರಿಯ ಗೊಂಬೆಮನೆಯೊಂದಿದೆ. ನಮ್ಮ ದೆಹಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದ ಲಟ್ಯೆನ್ಸ್ ಮಹಾಶಯನೇ ಅದರ ಶಿಲ್ಪಿ. 1924ರಲ್ಲಿ ಮುಗಿದದ್ದು, ಅಡಿಗೆ ಒಂದಂಗುಲದ ಲೆಕ್ಕ. ಅದರ ಪುಟ್ಟ ಪುಸ್ತಕ ಭಂಡಾರಕ್ಕೆಂದೇ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸನ ಕತೆಯೊಂದನ್ನು ಬರೆದುಕೊಟ್ಟನು. ನಲ್ಲಿಯಲ್ಲಿ ನೀರು ಬರುವಂತೆಯೂ ಮಾಡಿದ್ದಾರೆ. ನಮ್ಮ ಬೀದಿಯ ನಲ್ಲಿಗೆ ಆ ಭಾಗ್ಯ ದಿನ ಬಿಟ್ಟು ದಿನ.

ಕಾಲೇಜಿನ ಪ್ರದರ್ಶನಕ್ಕೆಂದು ಅದೇ ಅಳತೆಯಲ್ಲಿ ನಾನು ಕಟ್ಟಿದ್ದು ಊರಿನ ನಮ್ಮ ಎರಡಂಕಣದ ನಾಡಹೆಂಚಿನ ಮನೆಯನ್ನು. ಬರುವ ಬೇಸಗೆಯಲ್ಲಿ ಅದನ್ನು ಕೆಡವಿ ತಾರಸಿ ಹಾಕಿಸುವುದೆಂದು ಅಪ್ಪ ನಿಶ್ಚಯಿಸಿದ್ದಾರೆ.

ಅಳತೆಯನ್ನು ಕುಗ್ಗಿಸಿದರೂ ವಸ್ತುವಿನ ಗುಣ ಕುಗ್ಗುವುದಿಲ್ಲ. ಮನೆಯ ಮಣ್ಣನ್ನೇ ತಂದು ಬಳಿದರೆ ಅದರ ಹರಳು ಈ ಗೋಡೆಯಲ್ಲಿ ಕಲ್ಲುಗುಂಡಿನಂತೆ ಕಾಣುತ್ತದೆ. ಬಟ್ಟೆಯಲ್ಲಿ ಸೋಸಿ ಗೋಂದು ಕಲಸಬೇಕು. ಅವ್ವನ ಹಳೆಯ ಸೀರೆಯ ತುಂಡನ್ನು ಗಳುವಿನ ಮೇಲೆ ಹಾಕಿದರೆ ಹಪ್ಪಳದಂತೆ ಸೆಟೆದು ನಿಲ್ಲುತ್ತದೆ. ಗಂಜಿಯಲ್ಲಿ ಅದ್ದಿ, ನೆರಿಗೆ ತೀಡಿ, ಗುಂಡುಸೂಜಿ ಚುಚ್ಚಿ ಒಣಗಿಸಿದರೆ ಮಾತ್ರ ಜೋತುಬೀಳುತ್ತದೆ. ನೆಲವಿನ ಹಗ್ಗಕ್ಕೆ ಹೊಲಿಗೆಯ ದಾರ ಸಾಕು. ಒಲೆಯ ಮೇಲಿನ ಮಸಿಗೆ ಬಣ್ಣವೇಕೆ? ಚಿಮಣಿ ದೀಪ ಹಿಡಿದರೆ ನಿಜವಾದ ಮಸಿಯೇ ಕೂರುತ್ತದೆ. ಹೊಸ ಸಾಮಾನುಗಳಿಂದ ತುಂಬಿದ ಮಾದರಿ ಅಂಗಡಿಯಂತಿರುತ್ತದೆ. ಹೊಸ್ತಿಲು ನಡುವೆ ಸವೆದಿದ್ದರೆ ಮನೆಯಾಗುತ್ತದೆ.

ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಲಿನ ಗೀಟುಗಳಿವೆ. ಅವ್ವನಿಗೆ ಅಕ್ಷರ ಬಾರದು. ವರ್ತನೆಗೆ ಕೊಟ್ಟ ಹಾಲಿಗೆ ಲೀಟರಿಗೊಂದರಂತೆ ಎಳೆದದ್ದು. ಒಂದು ಮನೆಯವರ ಬಾಕಿ ಇನ್ನೂ ಬಂದಿಲ್ಲವಾದ್ದರಿಂದ ಸುಣ್ಣ ಬಳಿಯುವಾಗಲೆಲ್ಲ ಅಷ್ಟು ಜಾಗವನ್ನು ಬಿಟ್ಟುಕೊಂಡೇ ಬಂದಿದ್ದಾಳೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ನಡೆದ ಬರವಣಿಗೆಯೆಂದರೆ ಇದೊಂದೇ.

“ಇದನ್ನೂ ಹಾಕ್ತೀನವ್ವ” ಎಂದೆ.

“ಬ್ಯಾಡ ಕಣಪ್ಪ. ಓದಿದೋರು ನೋಡೋ ಜಾಗ. ಗೋಡೆ ಗಲೀಜು ಅಂದಾರು.”

ಓದಿದವರೇ ನೋಡಲಿ ಎಂಬುದು ನನ್ನ ಹಟ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆಯೇ ಹೇಳಿದಳು: “ಹಾಕಂಗಿದ್ರೆ ಲೆಕ್ಕ ತಪ್ಪದಂಗೆ ಹಾಕು. ಗೋಡೆ ಬಿದ್ಮೇಲೆ ಅದ್ರಾಗೇ ಇರ್ಬೇಕು.”

ಅಂಗುಲದ ಗೀಟು ಇಲ್ಲಿ ಸುಮಾರು 2 ಮಿಲಿಮೀಟರ್. ಕುಂಚದ ಒಂದೇ ಕೂದಲನ್ನು ಉಳಿಸಿಕೊಂಡು, ಅವ್ವ ಎಣಿಸುತ್ತಿದ್ದಂತೆ ಎಳೆದೆ. ಒಟ್ಟು 43. ಕೊನೆಯ ಸಾಲು ಅರ್ಧಕ್ಕೆ ನಿಂತಿದೆ. ನಾನು ಕಾಲೇಜು ಸೇರಿದ ತಿಂಗಳಲ್ಲಿ ಎಮ್ಮೆಯನ್ನು ಮಾರಿದರು.