ಹೈದರ್ ಕಾಲದ ಫ್ಯಾನು

ಪಶ್ಚಿಮ ಮಾಂಬಲದ ನಮ್ಮ ಬಾಡಿಗೆ ಮನೆಯ ಹಜಾರದಲ್ಲಿ ಒಂದು ಫ್ಯಾನಿತ್ತು. ಸುತ್ತಿಗೊಮ್ಮೆ ಕೆಮ್ಮುತ್ತಿತ್ತು. 1990ರ ಜನವರಿಯಲ್ಲಿ, ಭೋಗಿಯ ಹಿಂದಿನ ದಿನ ಕೆಮ್ಮೂ ನಿಂತಿತು. ತಾತ ಕರೆಸಿದ ಎಲೆಕ್ಟ್ರಿಷಿಯನ್ ಸ್ಟೂಲು ಹತ್ತಿ, ಮೇಲಿನ ಬಟ್ಟಲು ಸರಿಸಿ, ಒಳಗಿನ ಧೂಳನ್ನು ಉಫ್ ಎಂದು ಊದಿ, "ಇದು ಹೈದರ್ ಕಾಲತ್ತು ಫ್ಯಾನ್ ಸಾರ್" ಎಂದು ಇಳಿದುಬಿಟ್ಟ.

ನಾವು ಓಬೀರಾಯನ ಕಾಲದ್ದು ಅನ್ನುವ ಕಡೆ ತಮಿಳರು ಹೈದರ್ ಕಾಲದ್ದು ಅನ್ನುತ್ತಾರೆ. ಮದರಾಸಿನಲ್ಲೇ ಹುಟ್ಟಿದ ನನಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಆದರೆ ಹಬ್ಬಕ್ಕೆಂದು ಮೈಸೂರಿನಿಂದ ಬಂದಿದ್ದ ನನ್ನ ಸೋದರಮಾವ, ಕಾಲೇಜಿನಲ್ಲಿ ಇತಿಹಾಸ ಹೇಳುವವರು, ಕಾಫಿ ಲೋಟ ಕೆಳಗಿಟ್ಟರು. "ನೋಡಿದ್ರಾ ರಾಯರೇ? ಇನ್ನೂರು ವರ್ಷ ಆದ್ರೂ ಈ ಊರು ನಮ್ಮ ಹೈದರನ್ನ ಮರೆತಿಲ್ಲ!"

"ಮರೆಯೋ ಹಾಗೆ ಮಾಡಿದ್ರೆ ತಾನೆ ಮರೆಯೋದು," ಎಂದರು ಅಡುಗೆಮನೆಯಿಂದ ಅಜ್ಜಿ.

ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಪ್ರಮೇಯವಿರಲಿಲ್ಲ. ಮಾತು ರಾತ್ರಿ ಊಟದಲ್ಲಿ ಬೆಳೆಯಿತು, ಮರುದಿನ ಬೆಳಗಿನ ಜಾವ ಬೀದಿಗೂ ಬಂತು.

ಭೋಗಿಯ ಬೆಳಗೆಂದರೆ ಮದರಾಸಿನಲ್ಲಿ ಹೊಗೆ. ನಾಲ್ಕೂವರೆಗೇ ಪ್ರತಿ ಮನೆಯ ಮುಂದೆ ಹಳೇ ಚಾಪೆ, ಮುರಿದ ಮೊರ, ಸವೆದ ಪೊರಕೆಯ ಗುಡ್ಡೆಗೆ ಬೆಂಕಿ; ಮಕ್ಕಳ ಕೈಯಲ್ಲಿ ಪುಟ್ಟ ಭೋಗಿ ಮೇಳ, ಅದರ ಡಬಡಬ. ನಮ್ಮ ಬೆಂಕಿಯ ಸುತ್ತ ನಾಲ್ಕು ಮಂದಿ ಕೂತಿದ್ದರು. ಮಫ್ಲರ್ ಸುತ್ತಿಕೊಂಡ ತಾತ, ರೈಲ್ವೆಯ ಗೂಡ್ಸ್ ವಿಭಾಗದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮೈಸೂರು ಮಾವ. ಮೆಟ್ಟಿಲ ಮೇಲೆ ಅಜ್ಜಿ. ಜೊತೆಗೆ ಕೆಳಮನೆಯ ಸುಬೇದಾರ್ ಮಾಮ. ಹೊಸೂರು ಕಡೆಯವರು, ಸೇವೆಯೆಲ್ಲ ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ. ಅವರ ಮಗನೂ ಅದೇ ಗ್ರೂಪು, ಆಗ ಲಂಕೆಯಲ್ಲಿದ್ದ. 1987ರ ಜುಲೈ 29ರಂದು ಒಪ್ಪಂದವಾಗಿ ಹೋದ ನಮ್ಮ ಸೈನ್ಯ ಇನ್ನೂ ಪೂರ್ತಿ ಮರಳಿರಲಿಲ್ಲ. ಆ ವಿಷಯವನ್ನು ಅವರೆದುರು ಯಾರೂ ಎತ್ತುತ್ತಿರಲಿಲ್ಲ. ಹೈದರನ ಬಗ್ಗೆ ಎಷ್ಟು ಬೇಕಾದರೂ ಜಗಳಾಡಬಹುದಿತ್ತು.

ಮಾವ 1769ರಿಂದ ಹಿಡಿದರು. ಕೇಳಲು ಸೊಗಸಾಗಿತ್ತು. ಆಗ ಇಂಗ್ಲಿಷರ ಕರ್ನಲ್ ಸ್ಮಿತ್ ಹೈದರನ ಬೆನ್ನುಬಿದ್ದಿದ್ದ. ಹೈದರ್ ಅವನನ್ನು ದಕ್ಷಿಣಕ್ಕೆ ಎಳೆದುಕೊಂಡು ಹೋದ. ಆಮೇಲೆ ತನ್ನ ಫಿರಂಗಿ, ಗಂಟುಮೂಟೆ, ಕಾಲಾಳುಗಳನ್ನೆಲ್ಲ ಘಟ್ಟದ ಕಡೆ ಕಳಿಸಿಬಿಟ್ಟ. ಆರು ಸಾವಿರ ಕುದುರೆ ಮಾತ್ರ ಇಟ್ಟುಕೊಂಡು ತಿರುಗಿದವನು ಮೂರೂವರೆ ದಿನದಲ್ಲಿ 130 ಮೈಲಿ ಓಡಿಸಿ, ಮಾರ್ಚ್ ಕೊನೆಯಲ್ಲಿ ಮದರಾಸಿನ ಅಂಚಿನ ಪರಂಗಿಮಲೆಯ ಬುಡದಲ್ಲಿ ಪ್ರತ್ಯಕ್ಷನಾದ. ಮದರಾಸಿನ ಕೋಟೆಯೊಳಗೆ ಇಂಗ್ಲಿಷರ ಕೌನ್ಸಿಲಿನವರಿಗೆ ಕೈಕಾಲು ಆಡಲಿಲ್ಲ. ಎರಡು ವರ್ಷದ ಹಿಂದೆ ಹದಿಹರೆಯದ ಟಿಪ್ಪು ಇದೇ ಊರಿನ ತೋಟದ ಬಂಗಲೆಗಳಿಗೆ ನುಗ್ಗಿದ್ದಾಗ ಬಿದ್ದೆವೋ ಎದ್ದೆವೋ ಎಂದು ಓಡಿದ್ದವರು ಅವರು. ಏಪ್ರಿಲ್ ಮೊದಲ ವಾರದಲ್ಲಿ ಸಹಿ ಬಿತ್ತು: ಗೆದ್ದ ಜಾಗ ವಾಪಸು, ಒಬ್ಬರ ಮೇಲೆ ಯಾರಾದರೂ ಬಿದ್ದರೆ ಇನ್ನೊಬ್ಬರ ನೆರವು.

"ಕೋಟೆ ಬಾಗಿಲಿಗೆ ಒಂದು ಚಿತ್ರ ಅಂಟಿಸಿದ್ರಂತೆ ಕಣ್ರೀ. ಹೈದರ್ ಫಿರಂಗಿಗಳ ಮೇಲೆ ಕೂತಿದಾನೆ, ಕೌನ್ಸಿಲಿನವರು ಮಂಡಿಯೂರಿದಾರೆ, ಸಂಧಾನಕ್ಕೆ ಬಂದ ಡು ಪ್ರೇಗೆ ಆನೆ ಸೊಂಡಿಲು. ಅದನ್ನ ಹೈದರ್ ಹಿಂಡ್ತಿದಾನೆ, ಚಿನ್ನದ ನಾಣ್ಯ ಸುರೀತಿದೆ!" ಮಾವ ತಮ್ಮ ಮೂಗನ್ನೇ ಹಿಡಿದು ತೋರಿಸಿದರು. ನಾನು ಮೇಳ ಬಾರಿಸುವುದು ಬಿಟ್ಟು ಕೂತೆ.

ತಾತ ಬೆಂಕಿಗೆ ಒಂದು ಚಾಪೆ ತುಂಡು ಹಾಕಿದರು. "ಕುದುರೆಗೆ ದಿನಕ್ಕೆ ನಾಲ್ಕು ಸೇರು ಹುರುಳಿ ಅಂದ್ಕೊಳ್ಳಿ ಮೇಷ್ಟ್ರೇ. ಆರು ಸಾವಿರಕ್ಕೆ ಇಪ್ಪತ್ನಾಲ್ಕು ಸಾವಿರ ಸೇರು. ಹೆಚ್ಚುಕಡಿಮೆ ಒಂದು ವ್ಯಾಗನ್. ಮೂರೂವರೆ ದಿನಕ್ಕೆ ನಾಲ್ಕು ವ್ಯಾಗನ್ ಹಿಡೀರಿ. ಜೀನಿಗೆ ಕಟ್ಟಿಕೊಂಡು, ದಾರೀಲಿ ಸಿಕ್ಕಿದ್ದು ಮೇಯಿಸಿಕೊಂಡು ಬರಬಹುದು. ಯಾಕೆ ಬರಬಹುದು ಅಂದ್ರೆ, ಅವನಿಗೆ ಬೇಕಾಗಿದ್ದು ಊರಲ್ಲ, ಒಂದು ಸಹಿ. ಸಹಿ ತಗೊಂಡು ಹೋಗೋನಿಗೆ ಫಿರಂಗಿ ಯಾಕೆ?"

ತಾತ ಮೂವತ್ತು ವರ್ಷ ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ವಾಲ್ ಟ್ಯಾಕ್ಸ್ ರಸ್ತೆಯಲ್ಲಿ ನಡೆದಾಡಿದವರು. ಹೈದರನ ಈ ಭೇಟಿಯಾದ ಮೇಲೆ ಬೆದರಿ ಊರಿನ ಸುತ್ತ ಕಟ್ಟಿದ ಗೋಡೆ, ಅದಕ್ಕೆ ಹಾಕಬೇಕೆಂದಿದ್ದ ತೆರಿಗೆ, ಅದರಿಂದ ಆ ರಸ್ತೆಗೆ ಆ ಹೆಸರು ಎಂಬುದು ಅವರ ನೆಚ್ಚಿನ ಕಥೆ. ಹತ್ತು ಸಲ ಕೇಳಿದ್ದೆವು. ಅಂದು ಹನ್ನೊಂದನೆಯದು.

ನಿಜವಾದ ಜಟಾಪಟಿ ಶುರುವಾದದ್ದು 1780ಕ್ಕೆ ಬಂದಾಗ.

ಹೈದರ್ ಆ ಸಲ ಯಾಕೆ ಬಂದ? ಮಾವನ ಉತ್ತರ ಸಿದ್ಧವಿತ್ತು: ಕೊಟ್ಟ ಮಾತಿಗೆ ತಪ್ಪಿದ್ದಕ್ಕೆ. ಸಹಿ ಒಣಗುವ ಮುಂಚೆ ಮರಾಠರು ಮೈಸೂರಿನ ಮೇಲೆ ಬಿದ್ದರು. 1771ರಲ್ಲಿ ಚಿನಕುರಳಿಯಲ್ಲಿ ಹೈದರನ ಸೈನ್ಯ ಪುಡಿಯಾಯಿತು. ಮದರಾಸಿನಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. 1779ರಲ್ಲಿ ಇಂಗ್ಲಿಷರು ಮಾಹೆಯನ್ನೂ ಹಿಡಿದರು. ಫ್ರೆಂಚರ ಮದ್ದುಗುಂಡು ಹೈದರನಿಗೆ ಬರುತ್ತಿದ್ದದ್ದೇ ಆ ಬಂದರಿನಿಂದ. "ಇನ್ನೇನು ಮಾಡ್ಬೇಕಿತ್ತು?"

"ಮೇಷ್ಟ್ರೇ, ಅದು ನೆಪ," ಎಂದರು ಸುಬೇದಾರ್ ಮಾಮ. ಅಲ್ಲಿಯವರೆಗೆ ಅವರು ಮಾತಾಡಿರಲಿಲ್ಲ. "ಸಿಟ್ಟು ಬಂದೋನು ಒಂಬತ್ತು ವರ್ಷ ಕಾಯಲ್ಲ. ಕಾದ ಅಂದ್ರೆ ಲೆಕ್ಕ ಹಾಕ್ತಿದ್ದ. ಮರಾಠರು ಒಪ್ಪಿದ್ರು, ನಿಜಾಮ ಒಪ್ಪಿದ, ಬೊಂಬಾಯಿ ಕಡೆ ಇಂಗ್ಲಿಷರು ಸಿಕ್ಕಿಹಾಕ್ಕೊಂಡಿದ್ರು. ಈ ಕಡೆ ಆರ್ಕಾಟಿನ ನವಾಬ ಸಾಲದಲ್ಲಿ ಮುಳುಗಿದ್ದ. ಬಾಗಿಲು ತೆಗೆದಿತ್ತು, ಬಂದ. ಆರ್ಕಾಟಿನ ಕಂದಾಯದ ಮೇಲೆ ಕಣ್ಣಿರಲಿಲ್ಲ ಅಂತ ಹೇಳ್ಬೇಡಿ."

ಮಾವನಿಗೆ ಮುಖ ಕೆಂಪಾಯಿತು, ಬೆಂಕಿಯದೂ ಇರಬಹುದು. ಬಂದ ರೀತಿ ಮಾತ್ರ ಇಬ್ಬರೂ ಒಪ್ಪಿದ್ದು. ಜುಲೈನಲ್ಲಿ ಚೆಂಗಮ ಕಣಿವೆಯಿಂದ 80 ಸಾವಿರಕ್ಕೂ ಮಿಗಿಲಾದ ಸೈನ್ಯ ಇಳಿಯಿತು. ಪುಲಿಕಾಟ್ ಕೆರೆಯಿಂದ ಪಾಂಡಿಚೇರಿಯವರೆಗೆ, ಮದರಾಸನ್ನು ನಡುವೆ ಇಟ್ಟು, ಊರೂರು ಸುಟ್ಟರು. ಹುಲ್ಲು ಕಾಳು ಉಳಿಯಬಾರದು, ಕೋಟೆ ಹಸಿದು ಸಾಯಬೇಕು. ಪರಂಗಿಮಲೆಯ ಮೇಲೆ ನಿಂತವರಿಗೆ ಸುತ್ತಲೂ ಹೊಗೆಯ ಕಂಬಗಳು ಕಾಣುತ್ತಿದ್ದವಂತೆ. ಮಾವ ಇದನ್ನು ಹೇಳುವಾಗ ನಮ್ಮ ಬೀದಿಯಲ್ಲಿ ಎದುರುಮನೆಯೇ ಕಾಣದಷ್ಟು ಹೊಗೆ ಇಳಿದಿತ್ತು.

"ಯಾರ ಬಣವೆಗೆ ಹಚ್ಚಿದ್ದು?" ಅಜ್ಜಿ ಕೇಳಿದರು.

ಯಾರೂ ಉತ್ತರಿಸಲಿಲ್ಲ. ಅಜ್ಜಿಯ ತವರು ಆರಣಿ. ಹೈದರ್ ತನ್ನ ಉಗ್ರಾಣ ಇಟ್ಟುಕೊಂಡಿದ್ದ ಊರು. ಅವರು ಎದ್ದು ಒಳಗೆ ಹೋಗಿ ಒಂದು ಹಿತ್ತಾಳೆ ಕೊಳಗ ತಂದರು. ಒಂದು ಪಕ್ಕ ನೆಗ್ಗಿತ್ತು, ನೆಗ್ಗಿದ ಕಡೆ ಹಸಿರು ಕಿಲುಬು. "ಭತ್ತ ತುಂಬಿ, ಹಗೇವು ತೋಡಿ ಇದನ್ನೂ ಹೂತಿಟ್ಟಿದ್ರಂತೆ ನಮ್ಮೋರು. ಮೂರು ತಿಂಗಳು ಕಾಡಲ್ಲಿದ್ದು ಬಂದು ತೆಗೆದ್ರಂತೆ."

ತಾತ ಕೊಳಗವನ್ನು ಬೋರಲು ಹಾಕಿ ಬೆಂಕಿಯ ಬೆಳಕಿಗೆ ಹಿಡಿದರು. ತಳದಲ್ಲಿ ಕುಂಭಕೋಣದ ಪಾತ್ರೆ ಅಂಗಡಿಯೊಂದರ ಮುದ್ರೆ. "ಇದನ್ನ ನಮ್ಮ ಮದುವೇಲಿ ನಿಮ್ಮಪ್ಪ ತಂದಿದ್ದು. ಹೈದರ್ ಸತ್ತು ನೂರೈವತ್ತು ವರ್ಷ ಆಗಿತ್ತು."

ಮಾವ ಜೋರಾಗಿ ನಕ್ಕರು. ಅಜ್ಜಿ ಕೊಳಗ ಕಿತ್ತುಕೊಂಡರು. "ಕೊಳಗ ಸುಳ್ಳಾದ್ರೆ ಬೆಂಕೀನೂ ಸುಳ್ಳಾ?"

ಇತಿಹಾಸದ ಮೇಷ್ಟರು ನಗು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪೊಳ್ಳಿಲೂರಿನ ಯುದ್ಧಕ್ಕೆ ಬಂದಾಗ ಮಾವ ಮತ್ತೆ ಚೇತರಿಸಿಕೊಂಡರು. ಗುಂಟೂರಿನಿಂದ ಬರುತ್ತಿದ್ದ ಇಂಗ್ಲಿಷರ ಕರ್ನಲ್ ಬೈಲಿ ನದಿಯ ಪ್ರವಾಹಕ್ಕೆ ಸಿಕ್ಕಿ ತಡವಾದ. ಕಾಂಚೀಪುರದಲ್ಲಿ ಹೆಕ್ಟರ್ ಮನ್ರೋ ಅವನಿಗಾಗಿ ಕಾಯುತ್ತಿದ್ದ. ಇಬ್ಬರೂ ಕೂಡುವ ಮೊದಲೇ, 1780ರ ಸೆಪ್ಟೆಂಬರ್ 10ರಂದು ಟಿಪ್ಪು, ಹೈದರ್ ಸೇರಿ ಬೈಲಿಯನ್ನು ಮುತ್ತಿದರು. ಮದ್ದಿನ ಬಂಡಿಗಳು ಸಿಡಿದವು, ಬೈಲಿ ಸೆರೆಯಾದ. ಮನ್ರೋ ತನ್ನ ದೊಡ್ಡ ಫಿರಂಗಿಗಳನ್ನು ಕಾಂಚಿಯ ಕಲ್ಯಾಣಿಗೆ ನೂಕಿ ಚೆಂಗಲ್ಪಟ್ಟಿನ ಕಡೆ ಓಡಿದ. (ನಮ್ಮ ಐಲ್ಯಾಂಡ್ ಮೈದಾನದ ಬಳಿ ರಿಕಾಪು ಇಲ್ಲದ ಕುದುರೆ ಏರಿ ನಿಂತಿರುವವನು ಈ ಮನ್ರೋ ಅಲ್ಲ, ಥಾಮಸ್. ಆಗ ಅವನು ಹೊಸದಾಗಿ ಹಡಗಿಳಿದಿದ್ದ ಕೆಡೆಟ್. ನಾನು ಬಹುಕಾಲ ಇಬ್ಬರನ್ನೂ ಒಬ್ಬನೇ ಅಂದುಕೊಂಡಿದ್ದೆ.)

"ಅವತ್ತು ಹೈದರ್ ಮನ್ರೋ ಬೆನ್ನು ಹತ್ತಿದ್ರೆ ಮದರಾಸು ಮುಗೀತಿತ್ತು," ಎಂದರು ಮಾವ. "ಬಿಟ್ಟ. ಆರ್ಕಾಟಿಗೆ ಮುತ್ತಿಗೆ ಹಾಕೋಕೆ ವಾಪಸ್ ಹೋದ. ಅಷ್ಟರಲ್ಲಿ ಬಂಗಾಳದಿಂದ ಇಂಗ್ಲಿಷರ ಸೇನಾಪತಿ ಐರ್ ಕೂಟ್ ಹಡಗಲ್ಲಿ ಬಂದಿಳಿದ. ಅದೊಂದೇ ತಪ್ಪು."

ಸುಬೇದಾರ್ ಮಾಮ ಒಂದು ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದರು. ಒಂದು ಅರ್ಧಚಂದ್ರ, ಅದರ ತೆರೆದ ಬಾಯಿಗೆ ಇನ್ನೊಂದು ನೇರ ಗೆರೆ. "ಇದು ಸುಟ್ಟ ಪಟ್ಟಿ. ಇದು ಸಮುದ್ರ. ಈ ಬಾಯಿ ಮುಚ್ಚೋಕೆ ಅವನ ಹತ್ರ ಹಡಗಿಲ್ಲ. ಫ್ರೆಂಚರ ಹಡಗು 1781ರ ಶುರುನಲ್ಲಿ ಬಂತು, ನಿಲ್ಲಲಿಲ್ಲ, ಹೋಯ್ತು. ಬಾಯಿ ಮುಚ್ಚದೆ ಎಷ್ಟು ಊರು ಸುಟ್ರೂ ಕೋಟೆ ಉಣ್ಣುತ್ತೆ."

ತಾತ ಬಗ್ಗಿ ಆ ಅರ್ಧಚಂದ್ರದ ಮೇಲೆ ಬೆರಳಿಟ್ಟರು. "ಇನ್ನೊಂದು ಇದೆ. ಇಲ್ಲಿ ಹುಲ್ಲಿಲ್ಲ. ಸುಟ್ಟೋನು ಇವನೇ. ಇವನ ಎತ್ತುಗಳು ಇಲ್ಲಿ ಏನು ಮೇಯ್ತವೆ? ಇಂಗ್ಲಿಷರನ್ನ ಒಳಗೆ ಹಾಕೋಕೆ ಬೇಲಿ ಕಟ್ಟಿದ, ಆಮೇಲೆ ಆ ಬೇಲಿ ದಾಟೋಕೆ ಇವನಿಗೂ ಆಗ್ಲಿಲ್ಲ."

ಹೈದರ್ ಮದರಾಸನ್ನು ಯಾಕೆ ಹಿಡಿಯಲಿಲ್ಲವೆಂದು ನಾನು ಆಮೇಲೆ ಎಷ್ಟೋ ಪುಸ್ತಕಗಳಲ್ಲಿ ಹುಡುಕಿದ್ದೇನೆ. ಸೈನಿಕ ಇತಿಹಾಸ ಬರೆದವರು ಬೇರೆ ಬೇರೆ ಕಾರಣ ಕೊಡುತ್ತಾರೆ. ನನಗೆ ಇಂದಿಗೂ ಗೂಡ್ಸ್ ಗುಮಾಸ್ತರ ಕಾರಣವೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಹೈದರನಿಗೂ ಅದು ಹೊಳೆದಿತ್ತೇನೋ. ಕೊನೆಗಾಲದಲ್ಲಿ ತನ್ನ ಮಂತ್ರಿ ಪೂರ್ಣಯ್ಯನ ಮುಂದೆ, ನೆಲದ ಮೇಲೆ ಈ ಇಂಗ್ಲಿಷರನ್ನು ಹಾಳುಮಾಡಬಲ್ಲೆ, ಕಡಲನ್ನು ಬತ್ತಿಸಲಾರೆ ಎಂಬರ್ಥದಲ್ಲಿ ಹೇಳಿಕೊಂಡನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿಟ್ಟಿದ್ದಾನೆ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ, ಹೈದರ್ ಬೆನ್ನಿನ ಹುಣ್ಣಿನಿಂದ ಸತ್ತ. ಯುದ್ಧ ಮುಗಿದಿರಲಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಳ್ಳಿಲೂರಿದೆ. ಮಾವನೇ ಒಮ್ಮೆ ಕರೆದೊಯ್ದು ತೋರಿಸಿದರು: ಚೌಕವಾಗಿ ನಿಂತ ಕೆಂಪು ಕೋಟುಗಳು, ಸಿಡಿಯುವ ಬಂಡಿ, ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡ ಬೈಲಿ. ಅಷ್ಟು ದೊಡ್ಡ ಗೋಡೆಯಲ್ಲಿ ನಾನು ಒಂದು ಬಣವೆಗಾಗಿ ಹುಡುಕಿದೆ. ಕಾಣಲಿಲ್ಲ.

ಆ ಬೆಳಗಿಗೆ ಮರಳುತ್ತೇನೆ. ಬೆಂಕಿ ಕೆಂಡಕ್ಕಿಳಿದಿತ್ತು. ಸುಬೇದಾರ್ ಮಾಮ ಕಡ್ಡಿಯನ್ನು ಅದಕ್ಕೆ ಎಸೆದು, "ನಮ್ಮ ಗ್ರೂಪ್ ಹುಟ್ಟಿದ್ದು ಯಾವತ್ತು ಗೊತ್ತಾ ಮೇಷ್ಟ್ರೇ? 1780, ಸೆಪ್ಟೆಂಬರ್ 30. ಪೊಳ್ಳಿಲೂರಾಗಿ ಇಪ್ಪತ್ತು ದಿನಕ್ಕೆ. ರಸ್ತೆ ಸೇತುವೆ ಮಾಡೋಕೆ ಅಂತ ಎರಡು ಕಂಪನಿ ಪಯನೀರ್ ಕಟ್ಟಿದ್ರು, ಇದೇ ಮದರಾಸಲ್ಲಿ. ನಿಮ್ಮ ಹೈದರ್ ಬರದಿದ್ರೆ ನನಗೆ ಪೆನ್ಷನ್ ಇಲ್ಲ."

ಎಲ್ಲರೂ ನಕ್ಕರು. ಆ ನಗುವಿನ ಹುಮ್ಮಸ್ಸಿನಲ್ಲಿ ಮಾವ ಕೇಳಬಾರದ್ದನ್ನು ಕೇಳಿಬಿಟ್ಟರು. "ಹಾಗಾದ್ರೆ ಲಂಕೇಲಿ ನಮ್ಮೋರದ್ದು ಏನು ಪ್ಲ್ಯಾನು ಸುಬೇದಾರ್ರೇ? ಹೋಗಿದ್ದು ಯಾಕೆ?"

ಸುಬೇದಾರ್ ಮಾಮ ಎದ್ದು ಪಂಚೆ ಕೊಡವಿಕೊಂಡರು. "ಹೋಗು ಅಂದ್ರು, ಹೋದ್ರು," ಎಂದು ಒಳಗೆ ಹೋದರು. ಅಜ್ಜಿ ಮಾವನನ್ನು ನೋಡಿದ ನೋಟ ಹೇಳತೀರದು.

ಆ ವರ್ಷ ಮಾರ್ಚ್ 24ಕ್ಕೆ ನಮ್ಮ ಸೈನ್ಯದ ಕೊನೆಯ ತುಕಡಿ ಲಂಕೆಯ ತ್ರಿಂಕೋಮಲಿ ಬಿಟ್ಟಿತು. ಸತ್ತವರು ಸಾವಿರಕ್ಕೂ ಹೆಚ್ಚು. ಹಡಗುಗಳು ಮದರಾಸಿಗೆ ಬಂದವು. ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಸ್ವಂತ ಜನರಾದ ತಮಿಳರನ್ನು ಕೊಂದು ಬಂದ ಸೈನ್ಯವೆಂದು ಊರಲ್ಲಿ ಬಹಳ ಮಂದಿ ಅನ್ನುತ್ತಿದ್ದರು. ಸುಬೇದಾರ್ ಮಾಮನ ಮಗ ಕೆಲವು ದಿನ ಬಿಟ್ಟು ರಜೆಯ ಮೇಲೆ ಮನೆಗೆ ಬಂದ. ಮಾಮ ಕರೆತರಲು ಸ್ಟೇಷನ್ನಿಗೆ ಹೊರಟಾಗ ನಾನೂ ಜೊತೆಗೆ ಹೋದೆ.

ವಾಪಸು ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ನೀರಿನ ಪೈಪಿಗೆಂದು ಅಗೆದು, ಮುಚ್ಚಿ, ಮಣ್ಣು ಹಾಗೇ ಬಿಟ್ಟಿದ್ದರು. ನಾನು ಅದರ ಮೇಲೇ ನಡೆದೆ. ಟ್ರಂಕು ಹೊತ್ತ ಮಗ ನಿಂತ. ಮಣ್ಣನ್ನು ಒಮ್ಮೆ ನೋಡಿದ. ಆಮೇಲೆ ಎದುರುಮನೆಯ ಜಗಲಿ ಹತ್ತಿ, ಅದರ ಉದ್ದಕ್ಕೂ ನಡೆದು, ಆ ಕಡೆ ಇಳಿದ. ಸುಬೇದಾರ್ ಮಾಮ ಏನೂ ಕೇಳದೆ ತಾವೂ ಜಗಲಿ ಹತ್ತಿ ಮಗನ ಹಿಂದೆಯೇ ನಡೆದರು.