ಐಎಲ್-2 ಮತ್ತು ಒಂದು ಸೋಮಾರಿ ಕಣ್ಣು

ಕಮಲಾಪುರದ ಅಕ್ಕನ ಮಗನಿಗೆ ವಿಮಾನದ ಹುಚ್ಚು. ಕೆಂಪು ಬಾಳೆಗೆ ಹೆಸರಾದ ಊರಲ್ಲಿ ಅದೆಲ್ಲಿಂದ ಬಂತು ಅಂತೀರಾ? ಬೀದರ್ ವಾಯುನೆಲೆಯಲ್ಲಿ 2008ರಿಂದ ಹಾಕ್ ಜೆಟ್‌ಗಳಲ್ಲಿ ಪೈಲಟ್‌ಗಳ ತರಬೇತಿ ನಡೀತಿದೆ. ಮೇಲೆ ಸದ್ದು ಕೇಳಿದ್ರೆ ಸಾಕು, ಊಟ ಬಿಟ್ಟು ಮಾಳಿಗೆ ಹತ್ತುತ್ತಾನೆ. ಆದ್ರೆ ಅವನ ಎಡಗಣ್ಣು ಸೋಮಾರಿ. ಕಲಬುರಗಿಯ ಡಾಕ್ಟ್ರು ವಾಯುಪಡೆಯ ಆಸೆ ಬಿಡು ಅಂದ್ರಂತೆ.

ಅವನ ಹಳೇ ಕಂಪ್ಯೂಟರಿಗೆ 2006ರ 'ಐಎಲ್-2 ಸ್ಟರ್ಮೋವಿಕ್ 1946' ಹಾಕಿ, ಜಾಯ್‌ಸ್ಟಿಕ್ ಜೋಡಿಸಿಕೊಟ್ಟೆ. ಒಂದೊಂದು ಆಕ್ಸಿಸ್‌ಗೂ ಹತ್ತು ಸ್ಲೈಡರ್! ಮೊದಲಿನವನ್ನು ತಗ್ಗಿಸಿ ಕೊನೆಯವನ್ನು ಏರಿಸಿದ್ರೆ ಕೈ ಕೊಂಚ ಅಲುಗಿದ್ರೂ ವಿಮಾನದ ಮೂತಿ ಕುಣಿಯಲ್ಲ, ಗುರಿ ನಿಲ್ಲುತ್ತೆ. ಪೂರ್ತಿ ಎಳೆದ್ರೆ ಮಾತ್ರ ಗಕ್ಕನೆ ತಿರುಗುತ್ತೆ.

ನಿಜವಾದ ತಲೆನೋವು ನೋಟದ್ದು. "ಮಾಮಾ, ಹಿಂದ ಬಂದಂವ ಕಾಣಸವಲ್ಲ!" 90 ಡಿಗ್ರಿಯಲ್ಲಿ ಅಕ್ಕಪಕ್ಕ ಕಾಣುತ್ತೆ, ದೂರದ ವಿಮಾನ ಬರೀ ಚುಕ್ಕೆ. 30ರಲ್ಲಿ ಆ ಚುಕ್ಕೆಗೆ ರೆಕ್ಕೆ ಮೂಡುತ್ತೆ, ಪಕ್ಕದವನು ಮಾಯ. ಎರಡನ್ನೂ ಹೆಬ್ಬೆರಳಿನ ಗುಂಡಿಗಳಿಗೆ ಕೊಟ್ಟೆ. ತಲೆ ತಿರುಗಿಸೋದನ್ನ ಹ್ಯಾಟ್ ಸ್ವಿಚ್‌ಗೆ.

ಆಮೇಲೆ ಮೆಲ್ಲಗೆ ಕೇಳಿದ, "ಒಂದ ಕಣ್ಣಿಲೆ ದೂರ ಎಷ್ಟದ ಅಂತ ಗೊತ್ತಾಗ್ತದೇನು?"

ಮಾನಿಟರ್ ಚಪ್ಪಟೆಯಲ್ಲವಾ, ಎರಡೂ ಕಣ್ಣಿಗೆ ಕಾಣೋದು ಒಂದೇ ಚಿತ್ರ. ಗುರಿಯ ಉಂಗುರದಲ್ಲಿ ಎದುರಾಳಿಯ ರೆಕ್ಕೆ ಎಷ್ಟಗಲ ತುಂಬಿದೆ ಅಂತ ನೋಡಿಯೇ ಎಲ್ಲರೂ ದೂರ ಅಂದಾಜು ಮಾಡಬೇಕು. ಸಮಾಧಾನಕ್ಕೆ ಹೇಳಿದ್ದಲ್ಲ, ಇರೋದೇ ಹಾಗೆ... ಉಂಗುರ ತೋರಿಸಿ ಹೇಳಿದೆ.

"ಹಂಗಾದ್ರ ನೀನೂ ಕೂಡು" ಅಂದ. ನನ್ನ ಲ್ಯಾಪ್‌ಟಾಪ್ ತೆಗೆದು ಎದುರಾಳಿಯಾಗಿ ಕೂತೆ. ಮೂರು ಸಲ ಹೊಡೆದುರುಳಿಸಿದ!